ಹುಣಸೆಹಣ್ಣು ಬೇಡವಾದ ಶ್ರಾವಣ

ಸೋಮವಾರ, 28 ಜುಲೈ 2025. ಬೆಳಿಗ್ಗೆ

ಶ್ರಾವಣದ ಮೊದಲ ಸೋಮವಾರ. ಒಪ್ಪತ್ತು. ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ನಾಲ್ಕೂವರೆಗೆ ಎದ್ದೆ. ಕೊಟ್ಟಿಗೆಯ ಕಸ, ಅಂಗಳಕ್ಕೆ ಸಾರಣೆ, ಎಮ್ಮೆ ಹಿಂಡಿದ್ದು, ಜಳಕ, ಲಿಂಗಪೂಜೆ. ಆಮೇಲೆ ಮಹಾದೇವರ ಗುಡಿಯ ತಾಮ್ರದ ಸಾಮಾನು. ಅತ್ತೆಯ ಕಾಲದಿಂದ ಅವನ್ನು ತೊಳೆಯುವುದು ನಮ್ಮ ಮನೆಯ ಸೇವೆ.

ಮೂವತ್ತು ವರ್ಷ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದ್ದೇನೆ. ಬೆರಳು ಸೀಳುತ್ತಿದ್ದವು. ಈಗ ಹುಣಸೆಹಣ್ಣು ಬೇಡವೇ ಬೇಡ. ಗುಡಿಬಾವಿಯ ನೀರಲ್ಲಿ ಒಂದು ಗಳಿಗೆ ನೆನೆಯಿಟ್ಟು ಅರಿವೆಯಿಂದ ಒರೆಸಿದರೆ ಸಾಕು. ಕಲ್ಯಾಣದ ಬಜಾರಿನಿಂದ ಈಗ ತಂದ ಹಾಗೆ ಹೊಳೆಯುತ್ತವೆ.

ಈ ಸಲ ಜೂನಿನ ಮಿರಗದ ಮಳೆಗೆ ಗುಡಿಯ ಹಿಂದಿನ ಕೆಮ್ಮಣ್ಣಿನ ಖಣಿ ತುಂಬಿ ಹರಿಯಿತು. ಗುತ್ತೇದಾರ ಅದನ್ನು ಹಾಗೇ ಬಾಯಿ ತೆರೆದು ಬಿಟ್ಟುಹೋಗಿ ಹದಿನೈದು ವರ್ಷ. ಆ ನೀರು ಬಾವಿಗೂ ಇಳಿಯಿತು. ಬಾವಿ ಕೆಟ್ಟಿತು ಎಂದರು ಎಲ್ಲರೂ. ಎಂಟು ದಿನ ಬಿಟ್ಟು ನೋಡಿದರೆ — ಕನ್ನಡಿ! ಪಾಚಿ ಇಲ್ಲ, ಹುಳ ಇಲ್ಲ, ತಳದ ಕಲ್ಲು ಎಣಿಸಬಹುದು. ಮೊದಲು ಕಂಡವಳು ನಾನು. ನನ್ನ ತಂಬಿಗೆ ಮುಳುಗಿಸಿ ತೆಗೆದು, ಅದು ಹೊಳೆಯುವುದನ್ನು ಪಕ್ಕದ ಮನೆಯ ಕಮಳಾಬಾಯಿಗೆ ತೋರಿಸಿದವಳೂ ನಾನು. ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೈಮುಗಿದಳು. "ಮಾಣಿಕಮ್ಮ, ನಿನ್ನ ಸೇವಾ ಮುಟ್ಟಿತ ನೋಡು ಮಹಾದೇವಗ" ಅಂದಳು. ಈಗ ಊರೆಲ್ಲ ಆ ನೀರಿಗೆ ತೀರ್ಥ ಅನ್ನುತ್ತದೆ.

ರಾತ್ರಿ ತಾಮ್ರದ ತಂಬಿಗೆಯಲ್ಲಿ ತುಂಬಿಡುತ್ತೇನೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನನಗೆ ಮೂರು ಗುಟುಕು, ಮೊಮ್ಮಗಳು ಧನಶ್ರೀಗೆ ಒಂದು ಬಟ್ಟಲು. ಐದು ವರ್ಷದವಳು, ಕಡ್ಡಿಯಂಥ ಕೈಕಾಲು. ಮೈ ಹಿಡಿಯಲಿ ಎಂದು.

"ಆಯಿ, ನಾಲಿಗಿಗಿ ಚುಳ್ ಅಂತದ."

"ದೇವರ ನೀರು ಹಂಗ ಇರ್ತದ ಬಂಗಾರಿ. ಮೂಗ ಹಿಡಕೊಂಡು ಗಟಗಟ ಕುಡಿ."

ಸೊಸೆ ಪೂನಂ ಹೊಲಿಗೆ ಮಿಷನ್ ಮೇಲಿಂದ ತಲೆ ಎತ್ತಿ ನಕ್ಕಳು. "ಅತ್ತಿ, ಅಕಿಗಿ ಫಿಲ್ಟರ್ ನೀರ ಸಾಕಲ್ರಿ?"

"ಇದು ನೀರಲ್ಲ ಪೂನಂ. ತೀರ್ಥ."

ಹೊಟ್ಟೆಯಲ್ಲಿ ಸ್ವಲ್ಪ ಉರಿ. ಉಪವಾಸದ್ದು.

ಮಂಗಳವಾರ, 29 ಜುಲೈ

ನಾಗರಪಂಚಮಿ. ಹುತ್ತಕ್ಕೆ ಹಾಲೆರೆದು ಬಂದೆವು. ಎರೆಯುವ ಮೊದಲು ಹಾಲಿಗೆ ಒಂದಿಷ್ಟು ತೀರ್ಥ ಹಾಕಿದೆ — ಅಲ್ಲೇ ಒಡೆಯಿತು. ಗಡ್ಡೆ ಗಡ್ಡೆ. ಎಲ್ಲರೆದುರು. ಕಮಳಾಬಾಯಿ ಮುಖ ಆ ಕಡೆ ಮಾಡಿದಳು.

ಎಮ್ಮೆ ಏನೋ ತಿಂದಿರಬೇಕು. ಇಲ್ಲಾ ನನ್ನ ಮನಸ್ಸಿನಲ್ಲಿ ಏನೋ ಮೈಲಿಗೆ. ನಿನ್ನೆ ಪೂನಂ ನಕ್ಕದ್ದಕ್ಕೆ ಒಳಗೊಳಗೇ ಬೈದಿದ್ದೆ. ದೇವರು ಎಲ್ಲ ನೋಡುತ್ತಾನೆ.

ಜೋಕಾಲಿ ಕಟ್ಟಿದರು. ಧನಶ್ರೀ ಎರಡು ಸಲ ಜೀಕಿ ಇಳಿದುಬಿಟ್ಟಳು. ಹೊಟ್ಟೆ ನೋವು ಅಂದಳು. ಉಂಡಿ ಹೆಚ್ಚು ತಿಂದಿದ್ದಾಳೆ.

ಶುಕ್ರವಾರ, 1 ಆಗಸ್ಟ್

ಧನಶ್ರೀಗೆ ವಾಂತಿ. ಮೂರು ಸಲ. ಕೊನೆಯದು ಹಸಿರು ಹಸಿರು. ಪೂನಂ ಹೆದರಿದಳು.

ದೃಷ್ಟಿ ತೆಗೆದೆ. ಉಪ್ಪು, ಒಣಮೆಣಸಿನಕಾಯಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲ. ದೊಡ್ಡ ದೃಷ್ಟಿ. ಪಂಚಮಿಯ ದಿನ ಹೊಸ ಫ್ರಾಕ್ ಹಾಕಿ ಊರೆಲ್ಲ ತಿರುಗಿಸಿದ್ದೇ ತಪ್ಪು.

ನಾಳೆಯಿಂದ ಎರಡು ಬಟ್ಟಲು ತೀರ್ಥ.

ಸೋಮವಾರ, 4 ಆಗಸ್ಟ್

ಎರಡನೆಯ ಸೋಮವಾರ. ಒಪ್ಪತ್ತು. ಬಾವಿಯ ಹತ್ತಿರ ಇಪ್ಪತ್ತು ಮೂವತ್ತು ಹೆಂಗಸರು. ಬೇಮಳಖೇಡದಿಂದ ಕೂಡ ಕ್ಯಾನು ತಂದಿದ್ದರು. ನನ್ನನ್ನು ಮುಂದೆ ಬಿಟ್ಟರು. ಮೊದಲ ಕೊಡ ನಾನೇ ತುಂಬಿದೆ... ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ನಿಜ.

ಇವರು — ಮಗ ಅವಿನಾಶನ ಅಪ್ಪ — ಕಟ್ಟೆಯ ಮೇಲೆ ಕುಳಿತು ಅಂದರು: "ಬಾವ್ಯಾಗ ಒಂದ ಕಪ್ಪಿ ಒದರವಲ್ದಲ್ಲ. ಇಷ್ಟ ಮಳಿ ಆಗ್ಯಾದ."

"ದೇವರ ಬಾವಿ. ಗದ್ದಲ ಯಾಕ ಬೇಕ್ರಿ?" ಅಂದೆ.

ಕೈಯೊಳಗಿನ ಲಿಂಗದ ಮೇಲಿನ ಕಪ್ಪು ಮಾಸಿದೆ. ದಿನಾ ಆ ನೀರಲ್ಲೇ ಮಜ್ಜನ. ನನ್ನ ಯಾವ ಪಾಪವೋ.

ಧನಶ್ರೀ ಅನ್ನ ಬಿಟ್ಟಿದ್ದಾಳೆ. ತೀರ್ಥ ಮಾತ್ರ ಬಿಡಿಸಿಲ್ಲ.

ಗುರುವಾರ, 7 ಆಗಸ್ಟ್. ಹುಮನಾಬಾದ

ದವಾಖಾನೆ. ಮಂಗಳವಾರ ಸಂಜೆ ಬಂದೆವು. ಅವಿನಾಶ ಮಾಣಿಕನಗರದ ಸ್ಟ್ಯಾಂಡಿನಲ್ಲಿ ಆಟೋ ಬಿಟ್ಟು ಓಡಿ ಬಂದ. ಸಲಾಯಿನ್ ಹಚ್ಚಿದ್ದಾರೆ. ಸೂಜಿಗೆ ನರ ಸಿಗದೆ ನಾಲ್ಕು ಕಡೆ ಚುಚ್ಚಿದರು. ಅಳುವ ಶಕ್ತಿಯೂ ಇಲ್ಲ ಕೂಸಿಗೆ.

ಡಾಕ್ಟರಮ್ಮ ಒಳ್ಳೆಯವರು. ಒಂದೊಂದೇ ಕೇಳಿದರು.

"ಯಾವ ನೀರು ಕುಡಿಸ್ತೀರಿ?"

"ಫಿಲ್ಟರ್ ಕ್ಯಾನ್ ರೀ ಮೇಡಂ. ಬ್ಯಾರೆ ನೀರು ಮುಟ್ಟಸಂಗಿಲ್ಲ" ಅಂದಳು ಪೂನಂ. ಆವತ್ತು ನಕ್ಕ ಮೇಲೆ ನಾನು ತೀರ್ಥ ಬಿಟ್ಟೆ ಎಂದೇ ಅವಳು ತಿಳಿದಿದ್ದಾಳೆ; ಅವಳು ಏಳುವ ಮೊದಲೇ ಕುಡಿಸುತ್ತಿದ್ದೆ.

"ಹೊರಗಿನ ತಿಂಡಿ? ನಾಟಿ ಔಷಧ?"

"ಇಲ್ರಿ."

ನನ್ನ ಕಡೆ ನೋಡಿದರು. ನಾನೂ ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳು ಹೇಳಲಿಲ್ಲ. ಕೇಳಿದ್ದು ನೀರು, ತಿಂಡಿ, ಔಷಧ.

ಶನಿವಾರ, 9 ಆಗಸ್ಟ್

ಮನೆಗೆ ಬಂದೆವು! ನೂಲ ಹುಣ್ಣಿಮೆಯ ದಿನವೇ. ದವಾಖಾನೆಯಲ್ಲಿ ನಾಲ್ಕು ದಿನದಲ್ಲಿ ಮುಖ ತಿಳಿಯಾಯಿತು. ಹೋಳಿಗೆ ಬೇಕು ಅಂದಳು. ಅರ್ಧ ತಿಂದಳು. ಅವಳಪ್ಪನ ಕೈಗೆ ರಾಖಿ ಕಟ್ಟುತ್ತೇನೆ ಎಂದು ಹಟ. "ಅಪ್ಪಗ ಕಟ್ಟಬಾರದವಾ" ಅಂದರೆ, "ಮತ್ತ ಆಯಿಗಿ ಕಟ್ತೀನಿ" ಅಂದು ನನ್ನ ಕೈಗೇ ಕಟ್ಟಿದಳು. ಎಲ್ಲರೂ ನಕ್ಕೆವು. ಎಷ್ಟು ದಿನವಾಗಿತ್ತು ನಕ್ಕು.

ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿದೆ. ಕಟ್ಟಿನ ಸಾರು ಅದರಲ್ಲಿ ಮಾಡಲಿಲ್ಲ, ಹುಳಿಗೆ ಕಿಲುಬು ಬಿಡುತ್ತದೆ. ಕಲಾಯಿ ಹಾಕುವ ಹಜಿರಾ ಬೀ ಈ ವರ್ಷ ಇನ್ನೂ ಬಂದಿಲ್ಲ. ಬಂದರೆ ಕೊಡಬೇಕು.

ಮಹಾದೇವ ಉಳಿಸಿದ. ಹರಕೆ ಹೊತ್ತೆ — ಹನ್ನೊಂದು ದಿನ, ಹೊತ್ತಿಗೆ ಎರಡು ಬಟ್ಟಲು, ಬೆಳಿಗ್ಗೆ ಸಂಜೆ. ತಂಬಿಗೆ ತುಂಬಿಟ್ಟಿದ್ದೇನೆ.

ಬುಧವಾರ, 13 ಆಗಸ್ಟ್. ಗುಲಬರ್ಗಾ

ಕಣ್ಣು ಹಳದಿ. ಉಗುರು ಹಳದಿ. ಉಚ್ಚೆ ಚಹಾದ ಬಣ್ಣ. ಸೋಮವಾರ ಹುಮನಾಬಾದಿಗೆ ತಂದೆವು, ಅವರು ಮುಟ್ಟಲಿಲ್ಲ, ಮುಂದೆ ಹೋಗಿರಿ ಎಂದು ಚೀಟಿ ಬರೆದು ಕಳಿಸಿದರು. ಇಲ್ಲಿ ದೊಡ್ಡ ದವಾಖಾನೆ. ಒಳಗೆ ಒಬ್ಬರನ್ನೇ ಬಿಡುತ್ತಾರೆ.

ಕಾಮಾಲೆ ಅನ್ನುತ್ತಾರೆ. ಯಾಕೆ ಬಂತು ತಿಳಿಯುತ್ತಿಲ್ಲವಂತೆ. ಲಿವರ್ ಅನ್ನುತ್ತಾರೆ, ರಕ್ತ ಒಡೆಯಾಕತ್ತದ ಅನ್ನುತ್ತಾರೆ. ರಕ್ತ ಒಡೆಯುವುದು ಹೇಗೆ? ಹಾಲು ಒಡೆದ ಹಾಗೆಯೇ?

ಅವಿನಾಶ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಂದ: "ಅವ್ವಾ, ಕೈ ಮುಗೀತೀನಿ. ಡಾಕ್ಟರನ ಕೇಳಲಾರದ ಅಕಿ ಬಾಯಾಗ ಏನೂ ಹಾಕಬ್ಯಾಡ. ಒಂದ ಹನಿ ಸುದ್ದಾ ಬ್ಯಾಡ."

ಹೂಂ ಅಂದೆ. ಪೂನಂ ನನ್ನ ಕೈ ಹಿಡಿದು ಲಿಂಗದ ಕರಡಿಗೆಯ ಮೇಲೆ ಇಡಿಸಿದಳು. ಆಣೆ ಮಾಡಿದೆ.

ಚೀಲದಲ್ಲಿ ತೀರ್ಥದ ಬಾಟಲಿ ಇತ್ತು. ತಂಬಿಗೆಯಿಂದ ಬಗ್ಗಿಸಿಕೊಂಡು ಬಂದದ್ದು.

ಗುರುವಾರ, 14 ಆಗಸ್ಟ್. ಬೆಳಗಿನ ಆರು

ಕೊಟ್ಟೆ.

ಪೂನಂ ಮುಖ ತೊಳೆಯಲು ಹೋದಳು. ಐದು ನಿಮಿಷ ನಾನು ಒಳಗೆ. ಒಂದೇ ಮುಚ್ಚಳ. ತುಟಿ ಒಣಗಿ ಬಿರಿದಿದ್ದವು. ಕಣ್ಣು ತೆರೆಯದೆ ನುಂಗಿದಳು. "ಚುಳ್" ಎಂದು ಕೂಡ ಅನ್ನಲಿಲ್ಲ.

ಹರಕೆ ನಡುವೆ ಬಿಡಬಾರದಲ್ಲ. ಬಿಟ್ಟರೆ ದೇವರು ಮುನಿಯುತ್ತಾನೆ. ಆಣೆ ಮಾಡಿದ್ದು ಊಟ ಔಷಧಕ್ಕೆ. ತೀರ್ಥಕ್ಕಲ್ಲ.

ಬಾಟಲಿಯನ್ನು ಚೀಲದ ತಳದಲ್ಲಿ ಸೀರೆಯ ಕೆಳಗೆ ಮುಚ್ಚಿಟ್ಟೆ. ಯಾಕೆ?

ಶನಿವಾರ, 16 ಆಗಸ್ಟ್. ಮನೆ

ನಿನ್ನೆ ಅವಿನಾಶ ಊರಿಗೆ ಕಳಿಸಿದ. ದನ ನೋಡುವವರಿಲ್ಲ, ಅಪ್ಪನಿಗೆ ರೊಟ್ಟಿ ಮಾಡುವವರಿಲ್ಲ. ಬಂದೆ. ಬರಬಾರದಿತ್ತು. ಅಲ್ಲ, ಬಂದದ್ದೇ ಒಳ್ಳೆಯದಾಯಿತು. ಅಲ್ಲಿದ್ದರೆ ಇವತ್ತೂ ಒಂದು ಮುಚ್ಚಳ...

ಸಾವಕಾಶ ಬರೆಯುತ್ತೇನೆ. ಬರೆದರೆ ತಲೆ ನಿಲ್ಲಬಹುದು.

ಬೆಳಿಗ್ಗೆ ನೋಡಿದರೆ, ರಾತ್ರಿ ತುಂಬಿಟ್ಟ ತಂಬಿಗೆಯ ಕೆಳಗೆ ಜಗಲಿ ಹಸಿ. ತಂಬಿಗೆ ಸೋರಿದೆ. ನನ್ನ ಮದುವೆಯದು, ತವರಿನವರು ಕೊಟ್ಟದ್ದು, ಮೂವತ್ತೆರಡು ವರ್ಷ ಒಂದು ತಗ್ಗು ಬಿದ್ದಿರಲಿಲ್ಲ. ಅಪಶಕುನ ಎಂದು ಎದೆ ಒಡೆಯಿತು. ಅದೇ ಹೊತ್ತಿಗೆ ಬೇವಿನ ಗಿಡದ ಕೆಳಗೆ ಹಜಿರಾ ಬೀ ಕೂಗು — "ಕಲಾಯ್!" ಗಂಡ ಸತ್ತ ಮೇಲೂ ತಿದಿ ಕೈಬಿಡದವಳು. ಹಿತ್ತಾಳೆ ಪಾತ್ರೆ, ತಂಬಿಗೆ ಎರಡೂ ಒಯ್ದೆ.

ಹಿತ್ತಾಳೆ ಪಾತ್ರೆ ಆಚೆ ಇಟ್ಟಳು. ತಂಬಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಬೆರಳಿನಿಂದ ಬಡಿದಳು. ಕಿವಿಯ ಹತ್ತಿರ ಹಿಡಿದು ಮತ್ತೆ ಬಡಿದಳು.

"ಮಾಣಿಕಕ್ಕಾ, ಸಪ್ಪಳ ಕೇಳ್. ಕಾಗದ ಆಗ್ಯಾದ. ಏನ್ ಇಡ್ತಿದ್ದಿ ಇದ್ರಾಗ? ಉಪ್ಪಿನಕಾಯಿ?"

"ಥೂ, ದೇವರ ತಂಬಿಗಿ ಅದು. ಬರೇ ತೀರ್ಥ."

"ತೀರ್ಥ ಅಂದ್ರ? ನೀರ ಅಲ್ಲ?"

"ನೀರ... ಗುಡಿಬಾವಿದು."

"ಝೂಟ್. ನಲವತ್ತ ವರ್ಷ ಬಾಂಡೆ ನೋಡಾಕತ್ತೀನಿ. ನೀರ ಇಟ್ರ ತಾಮ್ರ ಕರ್ರಗ ಆಗ್ತದ. ಹಿಂಗ ಲಕಲಕ ಅಂದು ಸವಿಯಾದು ಖಟ್ಟಾಲಿಂದ. ಒಳಗ ನೋಡ್, ಹುಳಿ ನೆಕ್ಕಿದ್ದು."

ನಾನು ನಕ್ಕೆ. ನಿಜವಾಗಿ ನಕ್ಕೆ. ಬಾವಿಯ ನೀರಿಗೆ ಹುಳಿ ಎಲ್ಲಿಂದ ಬರಬೇಕು? ಮನೆಯೊಳಗೆ ತುಂಬಿಟ್ಟಿದ್ದ ಬಾವಿಯ ಕೊಡ ತಂದು ಬೊಗಸೆ ನೀರು ಕೊಟ್ಟೆ. ಆಕೆ ನಾಲಿಗೆಗೆ ಹಚ್ಚಿ ಉಗುಳಿದಳು. ಎರಡು ಸಲ ಉಗುಳಿದಳು.

"ತೌಬಾ! ನಿನಗ ಹುಳಿ ಹತ್ತಲಿಲ್ಲಾ?"

ಹತ್ತಿತ್ತು. ಮೊದಲ ದಿನವೇ ಹತ್ತಿತ್ತು. ಅಮೃತ ಹೀಗೇ ಇರಬೇಕು ಅಂದುಕೊಂಡಿದ್ದೆ.

"ಇಷ್ಟ ತಾಮ್ರ ಸವದದ. ಎಲ್ಲಿ ಹೋಗ್ತದ ಅಕ್ಕಾ ಅದು? ಇದ್ರಾಗಿಂದು ಯಾರ ಕುಡೀತಿದ್ರು?"

ತಂಬಿಗೆ ಆಕೆಯ ಕೈಯಿಂದ ತೆಗೆದುಕೊಂಡೆ. ನೆಲಕ್ಕೆ ಕುಳಿತೆ. ಮದುವೆಯಾಗಿ ಬಂದ ಮೂರನೆಯ ದಿನ ತಾಮ್ರದ ಚರಿಗೆಯಲ್ಲಿ ಮಜ್ಜಿಗೆ ಇಟ್ಟಿದ್ದೆ. ಅತ್ತೆ ಅದನ್ನು ತಿಪ್ಪೆಗೆ ಚೆಲ್ಲಿ ಅಂದಿದ್ದರು: "ತಾಮ್ರದಾಗ ಹುಳಿ ಇಟ್ಟಕಿ ಮನಿಯವರಿಗಿ ವಿಷ ಬಡಿಸ್ತಾಳ." ಆ ದಿನದಿಂದ ಮೂವತ್ತೆರಡು ವರ್ಷ ಒಂದು ದಿನ ತಪ್ಪಿಲ್ಲ. ಸಾರು ಇಟ್ಟಿಲ್ಲ, ಮೊಸರು ಇಟ್ಟಿಲ್ಲ, ಲಿಂಬೆ ಹಿಂಡಿಲ್ಲ.

ಹುಳಿ ನೀರಿನ ವೇಷದಲ್ಲಿ ಬಂದರೆ? ದೇವರ ಹೆಸರು ಇಟ್ಟುಕೊಂಡು ಬಂದರೆ?

ಅದೇ ದಿನ, ಸಂಜೆ ಐದು

ಇವರಿಗೆ ಹೇಳಿದೆ. ಕೈಯೊಳಗಿನ ಬೀಡಿ ಹಾಗೇ ಉರಿದು ಹೋಯಿತು. ಖಣಿ ನಡೆಯುತ್ತಿದ್ದಾಗ ಇವರು ಅಲ್ಲಿ ಎರಡು ವರ್ಷ ವಾಚಮನ್.

"ಕೆಂಪ ಮಣ್ಣು ಮುಗದ ಮ್ಯಾಲೆ ತಳದಾಗ ಕರಿ ಕಲ್ಲು ಹತ್ತಿತ್ತು" ಅಂದರು. "ಬಂಗಾರದ ಚುಕ್ಕಿ ಇದ್ದಂಗ ಮಿನುಗ್ತಿತ್ತು. ಅದಕ್ಕ ಗಾಳಿ ನೀರು ಬಡದ ಮ್ಯಾಲೆ ನೀರು ಕೆಟ್ಟಿತು. ಪಂಪಿನ ಕಬ್ಬಿಣದ ಪೈಪು ಆರ ತಿಂಗಳಿಗಿ ತೂತು ತೂತು ಚಾಳಣಿ ಆಗ್ತಿತ್ತು. ಇಂಜಿನೇರ ಅಂದಿದ್ದ, ಈ ನೀರಾಗ ತೇಜಾಬ ಅದ, ಆಸಿಡ್, ಕೈ ಹಾಕಬ್ಯಾಡ್ರಿ ಅಂತ."

"ನೀವು ಯಾಕ ಹೇಳಲಿಲ್ರಿ?"

"ಅದು ಖಣಿ ನೀರಿನ ಮಾತು. ನೀವೆಲ್ಲ ಬಾವಿ ಬಾವಿ ಅಂತಿದ್ರಿ."

ಇವರಿಗೆ ಖಣಿ ಗೊತ್ತಿತ್ತು. ನನಗೆ ಹುಳಿ ಗೊತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ.

ಫೋನ್ ಹಚ್ಚಿದೆ. ಅವಿನಾಶ ಎತ್ತಿದ. "ಅವ್ವಾ, ಲಗೂನ ಹೇಳು, ಡಾಕ್ಟರ್ ಬಂದಾರ. ಮತ್ತ ಮತ್ತ ಕೇಳಾಕತ್ತಾರ, ಏನರೆ ಕುಡಿಸಿರೇನು, ಏನರೆ ಕೊಟ್ಟಿರೇನು ಅಂತ. ಏನೂ ಇಲ್ಲ ಅಂತ ಪೂನಂ ಅಳಾಕತ್ತಾಳ."

ಹೇಳಬೇಕಿತ್ತು. ಅಲ್ಲೇ ಹೇಳಬೇಕಿತ್ತು. ಬಾಯಿಂದ ಬಂದದ್ದು, "ಊಟ ಮಾಡಿದೇನಪ್ಪಾ?"

ಇಟ್ಟುಬಿಟ್ಟ.

ಭಾನುವಾರ, 17 ಆಗಸ್ಟ್

ಒಲೆಯ ಮೇಲೆ ಹಾಲಿಟ್ಟು ಒಂದು ಚಮಚ ಬಾವಿನೀರು ಹಾಕಿದೆ. ಒಡೆಯಿತು. ಮತ್ತೆ ಇಟ್ಟೆ. ಒಡೆಯಿತು. ಬೋರಿನ ನೀರು ಹಾಕಿ ನೋಡಿದೆ. ಏನೂ ಆಗಲಿಲ್ಲ. ಮತ್ತೆ ಬಾವಿಯದು. ಒಡೆಯಿತು.

ಪಂಚಮಿಯ ದಿನ ಹುತ್ತದ ನಾಗಪ್ಪ ಎಲ್ಲರೆದುರು ಇದನ್ನೇ ತೋರಿಸಿದ್ದ. ನಾನು ಎಮ್ಮೆಯ ಮೇಲೆ ಹಾಕಿದೆ.

ಇವರು ಅಂದರು: "ಸುಮ್ಮನಿರು. ದೊಡ್ಡ ದೊಡ್ಡ ಡಾಕ್ಟರ್ ಇದ್ದಾರ, ತಾವ ಹಿಡೀತಾರ. ನೀ ಹೇಳಿದ್ಯಂದ್ರ ಅವಿನಾಶ ಈ ಹೊಸ್ತಿಲಾ ತುಳಿಯಂಗಿಲ್ಲ. ಪೂನಂ ಅಂತೂ..." ಮುಗಿಸಲಿಲ್ಲ.

ಇಡೀ ದಿನ ಸುಮ್ಮನಿದ್ದೆ. ಒಂದು ಇಡೀ ದಿನ. ದೇವರೇ, ಬರೆದಿಡುತ್ತೇನೆ, ಮರೆಯಬಾರದು: ಒಂದು ಇಡೀ ದಿನ ನನ್ನ ಮುಖ ಉಳಿಸಿಕೊಳ್ಳಲು ಕೂಸನ್ನು ಬಿಟ್ಟೆ.

ಸೋಮವಾರ, 18 ಆಗಸ್ಟ್

ಕಡೆಯ ಸೋಮವಾರ. ಒಪ್ಪತ್ತಲ್ಲ, ನೀರೂ ಇಲ್ಲ.

ಐದು ಗಂಟೆಗೇ ಹೋಗಿ ಬಾವಿಯ ಮೆಟ್ಟಿಲಿಗೆ ಅಡ್ಡ ಕುಳಿತೆ. ಕೈಯಲ್ಲಿ ಹಾಲಿನ ಚರಿಗೆ. ಹೆಂಗಸರು ಬಂದರು. ಕಮಳಾಬಾಯಿ ಮುಂದೆ, ಸೊಂಟದ ಮೇಲೆ ಕೊಡ.

"ಸರಿಯವಾ. ಶ್ರಾವಣ ಸೋಮಾರ ದಾರಿಗಿ ಅಡ್ಡ ಕುಂತಿ ಏನ?"

"ಈ ನೀರು ಒಯ್ಯಬ್ಯಾಡ್ರಿ. ಇದು ಖಣಿದು. ತೇಜಾಬ ಅದ ಇದ್ರಾಗ."

"ಯವ್ವಾ! ನೀನ ತೀರ್ಥ ಅಂದಿ, ಈಗ ನೀನ ತೇಜಾಬ ಅಂತಿ. ಮೊಮ್ಮಗಳಿಗಿ ಆರಾಮ ಆಗಲಿಲ್ಲಂತ ದೇವರ ಮ್ಯಾಲೆ ಸಿಟ್ಟೇನು?"

ಯಾರೋ ಹಿಂದಿನಿಂದ, "ಮೊದಲ ಕೊಡ ತಾನ ತುಂಬತಿದ್ಳು. ಈಗ ಊರಿಗಿ ಬ್ಯಾಡಂತ." ನಕ್ಕರು.

ಹೇಳಿಬಿಟ್ಟೆ. ನಿಂತು, ಎಲ್ಲರ ಮುಖ ನೋಡಿ. ಹುಳಿ ನೀರು ತಾಮ್ರದಲ್ಲಿಟ್ಟು ಎರಡು ತಿಂಗಳು ನನ್ನ ಕೈಯಾರೆ ಕುಡಿಸಿದೆ. ವಾಂತಿ ಆದಾಗ ಹೆಚ್ಚು ಕುಡಿಸಿದೆ. ದವಾಖಾನೆಯಲ್ಲಿ ಆಣೆ ಮುರಿದು ಕುಡಿಸಿದೆ. ಕೂಸು ಸಾಯಾಕತ್ತದ, ನನ್ನಿಂದ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು.

ಚರಿಗೆಯ ಹಾಲಿಗೆ ಬಾವಿನೀರು ಹಾಕಿ ಮೆಟ್ಟಿಲ ಮೇಲೆ ಚೆಲ್ಲಿದೆ. ಬಿಳಿ ಗಡ್ಡೆಗಳು ಒಂದೊಂದೇ ಮೆಟ್ಟಿಲು ಇಳಿದವು.

ಕಮಳಾಬಾಯಿ ಬಗ್ಗಿ ಒಂದು ಗಡ್ಡೆ ಬೆರಳಿಗೆ ಎತ್ತಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮ ಮೊಮ್ಮಗಳು ಸಾಕ್ಷಿ ಮೂರ ದಿನ ಆಯ್ತು ಕಕ್ಕಾಕತ್ತಾಳ... ಹಸರ... ನಾ ದೃಷ್ಟಿ ತೆಗದಿದ್ದೆ." ಕೊಡ ಅಲ್ಲೇ ಬಿಟ್ಟು ಓಡಿದಳು. ಐವತ್ತೈದು ವರ್ಷದವಳು, ಸೀರೆ ಎತ್ತಿಕೊಂಡು ಓಡಿದಳು.

ಅರ್ಧ ಮಂದಿ ತಿರುಗಿ ಹೋದರು. ಉಳಿದವರು ನನ್ನನ್ನು ಬೈದು, ಬಾವಿಗೆ ಕೈಮುಗಿದು ಹೋದರು. ನಾಳೆ ಬರುತ್ತಾರೆ. ನಾಳೆಯೂ ಕೂರಬೇಕು.

ಊರಿಗೆ ಹೇಳಿದೆ. ಪೂನಂಗೆ ಹೇಳಿಲ್ಲ.

ಫೋನ್ ಹಚ್ಚಿದೆ — ಅವಿನಾಶನದು ಸ್ವಿಚ್ ಆಫ್. ಪೂನಂದು ಹತ್ತು ಸಲ ಬಾರಿಸಿ ನಿಂತಿತು. ಕಾಗದ ಬರೆದೆ. ಧನಶ್ರೀಯ ಬಾಲವಾಡಿ ನೋಟ್‌ಬುಕ್ಕಿನ ಹಾಳೆ. ಇಷ್ಟೇ:

"ಪೂನಂ, ಮೊದಲು ಈ ಕಾಗದ ಡಾಕ್ಟರ್‌ಗೆ ತೋರಿಸು, ಆಮೇಲೆ ನನ್ನನ್ನು ಬೈ. ಜೂನಿನಿಂದ ಧನಶ್ರೀಗೆ ಗುಡಿಬಾವಿಯ ನೀರು ಕೊಟ್ಟಿದ್ದೇನೆ. ಅದು ಹುಳಿ ನೀರು, ಖಣಿಯದು. ರಾತ್ರಿಯೆಲ್ಲ ತಾಮ್ರದ ತಂಬಿಗೆಯಲ್ಲಿ ಇಟ್ಟದ್ದು. ಮೊದಲು ದಿನಕ್ಕೆ ಒಂದು ಬಟ್ಟಲು, ಆಮೇಲೆ ಎರಡು, ನೂಲ ಹುಣ್ಣಿಮೆಯಿಂದ ನಾಲ್ಕು. 14ನೇ ತಾರೀಖು ಬೆಳಿಗ್ಗೆ ನೀನು ಮುಖ ತೊಳೆಯಲು ಹೋದಾಗ ಒಂದು ಮುಚ್ಚಳ. ಆಣೆ ಮಾಡಿಯೂ ಕೊಟ್ಟೆ. ತಂಬಿಗೆ, ನೀರು ಎರಡೂ ಕಳಿಸಿದ್ದೇನೆ. ಕೂಸು ಉಳಿಯುತ್ತದೆಯೇ ಎಂದು ಒಂದು ಮಾತು ತಿಳಿಸು. ನಾನು ಬರಬಹುದೇ ಎಂದು ಕೇಳುವುದಿಲ್ಲ."

ಮಂಗಳವಾರ, 19 ಆಗಸ್ಟ್. ಸಂಜೆ

ಹಜಿರಾ ಬೀ ಹೋಗಿ ಬಂದಳು. ಮಗಳನ್ನು ಗುಲಬರ್ಗಾದಲ್ಲಿ ಕೊಟ್ಟಿದ್ದಾಳೆ, ಗಲ್ಲಿ ಗಲ್ಲಿ ಗೊತ್ತು. "ನೀ ಬಾವಿ ಕಾಯಿ, ನಾ ಕಾಗದ ಒಯ್ತೀನಿ" ಎಂದು ಆಕೆಯೇ ಅಂದಳು. ತಿದಿ ನಮ್ಮ ಕೊಟ್ಟಿಗೆಯಲ್ಲಿ ಇಟ್ಟು, ತಂಬಿಗೆಯನ್ನು ಬುರ್ಖಾದೊಳಗೆ ಕೂಸಿನ ಹಾಗೆ ಹಿಡಿದುಕೊಂಡು ಏಳು ಗಂಟೆಯ ಬಸ್ಸು ಹತ್ತಿದ್ದಳು.

ಸಂಜೆ ಬಾವಿಕಟ್ಟೆಗೇ ಬಂದು ಕುಳಿತಳು. ಒಂದೊಂದೇ ಕೇಳಿದೆ. ಪೂನಂ ಕಾಗದ ನಿಂತುಕೊಂಡು ಓದಿದಳಂತೆ. ಎರಡನೆಯ ಸಲ ಓದುವಾಗ ಗೋಡೆ ಹಿಡಿದಳಂತೆ. ತಂಬಿಗೆ ಕಸಿದುಕೊಂಡು ಒಳಗೆ ಓಡಿದಳಂತೆ. ಡಾಕ್ಟರ್ ಹೊರಗೆ ಬಂದು ತಂಬಿಗೆ ಬೆಳಕಿಗೆ ಹಿಡಿದು ನೋಡಿದರಂತೆ.

"ಏನಂದ್ರು?"

"ಇದನ್ನ ಮೊದಲೇ ದಿನ ಹೇಳಿದ್ರ ಅಂದ್ರು."

"ಮತ್ತ?"

"ಈಗ ಔಷಧ ಬ್ಯಾರೆ ಆಗ್ತದ ಅಂದ್ರು. ತಾಮ್ರ ಹೊರಗ ತೆಗಿಯಾದು. ಹೈದ್ರಾಬಾದದಿಂದ ತರಸ್ತೀವಿ ಅಂದ್ರು. ಒಳಗ ಹೋದ್ರು."

"ಕೂಸು?"

ಹಜಿರಾ ತನ್ನ ಕೈ ನೋಡಿಕೊಂಡಳು. ಸುಟ್ಟು ಕಪ್ಪಾದ ಕೈ. "ಕಣ್ಣ ತೆರದಿಲ್ಲ ಅಕ್ಕಾ. ಉಸರ ಅದ."

"ಪೂನಂ ನನಗ ಏನ ಹೇಳಿದ್ಳು?"

"ಏನೂ ಹೇಳಿಲ್ಲ. ಅವಿನಾಶ ಬರಬ್ಯಾಡಂತ ಹೇಳ ಅಂದ. ಅಕಿ ಅವನ ಬಾಯಿ ಮುಚ್ಚಿದ್ಳು. ನಾಳಿ ಬಾ ಅಂದ್ಳು ನನಗ. ನಾಳಿ ಉತ್ತರ ಕೊಡ್ತೀನಿ ಅಂದ್ಳು."

ಕಮಳಾಬಾಯಿ ಸಾಕ್ಷಿಯನ್ನು ಹುಮನಾಬಾದಿಗೆ ಒಯ್ದಿದ್ದಾಳೆ. ಹೋದ ಕೂಡಲೇ ಡಾಕ್ಟರ್‌ಗೆ ಎಲ್ಲ ಹೇಳಿದಳಂತೆ. ಅಷ್ಟಾದರೂ.

ಇವರು ಪಂಚಾಯಿತಿಗೆ ಹೋಗಿ ಬಂದರು. ಖಣಿಯ ಗುತ್ತೇದಾರ ಎಲ್ಲಿದ್ದಾನೆ ಯಾರಿಗೂ ಗೊತ್ತಿಲ್ಲವಂತೆ. ಕಾಗದದಲ್ಲಿ ಖಣಿ ಮುಚ್ಚಿದೆಯಂತೆ. ಬಾವಿಯ ಬಾಯಿಗೆ ಜಾಲಿಮುಳ್ಳು ತಂದು ಹಾಕಿದರು. ಕೈಯೆಲ್ಲ ರಕ್ತ. ನಾನು ತೊಳೆಯಲು ನೀರು ತಂದರೆ ಕೈ ಹಿಂದೆ ತೆಗೆದರು. "ಯಾವ ನೀರು?" ಎಂದು ಕೇಳಿದರು.

ಬುಧವಾರ, 20 ಆಗಸ್ಟ್. ಬೆಳಿಗ್ಗೆ ಆರೂವರೆ

ಬಾವಿಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮುಳ್ಳು ಸರಿಸಿ ಯಾರೋ ಬೆಳಗಿನ ಜಾವ ಒಂದು ಕೊಡ ಒಯ್ದಿದ್ದಾರೆ, ಹಸಿ ಹೆಜ್ಜೆ ಕಾಣುತ್ತಿದೆ. ಹೆಂಗಸಿನ ಹೆಜ್ಜೆ. ನನ್ನ ಹಾಗೆಯೇ ಯಾವಳೋ, ಮನೆಯಲ್ಲಿ ಯಾರಿಗೋ ಮೈ ಹಿಡಿಯಲಿ ಎಂದು.

ಇವತ್ತು ಲಿಂಗಪೂಜೆಗೆ ನೀರು ಮುಟ್ಟಲಿಲ್ಲ. ಬರಿಗೈಯಲ್ಲಿ ಹಿಡಿದು ಕುಳಿತೆ. ಜಗದ ವಿಷವನ್ನೆಲ್ಲ ನೀನೇ ಕುಡಿದೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಈ ನಾಲ್ಕು ಬಟ್ಟಲು ಯಾಕೆ ಬಿಟ್ಟೆ? ಕೇಳಬಾರದು. ಕೇಳಿದೆ. ಅವನು ಬಿಡಲಿಲ್ಲ, ನಾನೇ ಕುಡಿಸಿದೆ. ಅದೂ ಗೊತ್ತು.

ಕೈಯಲ್ಲಿ ರಾಖಿ ಇನ್ನೂ ಇದೆ. ಬಣ್ಣ ಬಿಟ್ಟಿದೆ. ಬಿಚ್ಚುವುದಿಲ್ಲ.

ಹಜಿರಾ ಈ ದಾರಿಯಲ್ಲೇ ಬಸ್ಸಿಗೆ ಹೋಗುತ್ತಾಳೆ. ಅಕೋ, ಬೇವಿನ ಗಿಡ ದಾಟಿದಳು. ಆಕೆಯನ್ನು ಕಂಡರೆ ನನ್ನ ಬಾಯಿ ಕಟ್ಟುತ್ತದೆ, ಆವತ್ತು ಅವಿನಾಶನ ಫೋನಿನಲ್ಲಿ ಕಟ್ಟಿದ ಹಾಗೆ. ಹೇಳಬೇಕಾದದ್ದು ಇಲ್ಲಿ ಬರೆದುಕೊಂಡು ಓದಿಬಿಡುತ್ತೇನೆ.

ಹಜಿರಾ, ನನ್ನ ಉತ್ತರ ತಗೊಂಡು ಬಾ. ಪೂನಂ ಚೀಟಿ ಕೊಟ್ಟರೆ ಚೀಟಿ ತಾ. ಬೈದರೆ ಬೈದದ್ದನ್ನೇ ತಾ, ಒಂದು ಅಕ್ಷರ ನುಂಗಬೇಡ, ನನಗೆ ನೋವಾಗುತ್ತದೆ ಎಂದು ಸಿಹಿ ಹಚ್ಚಬೇಡ. ಏನೂ ಕೊಡದಿದ್ದರೆ ಕಾಯಿ. ಕೊನೆಯ ಬಸ್ಸಿನವರೆಗೆ ಕಾಯಿ. ಆಗಲೂ ಕೊಡದಿದ್ದರೆ ಒಳಗೆ ಬಿಡಲು ಕೈಮುಗಿದು ಕೇಳು, ಧನಶ್ರೀಯ ಕಣ್ಣು ತೆರೆದಿದೆಯೋ ನೋಡು, ತೆರೆದಿದ್ದರೆ ಹಳದಿ ಎಷ್ಟಿದೆ ನೋಡು, ಅದೇ ನನ್ನ ಉತ್ತರ ಎಂದು ತಿಳಿಯುತ್ತೇನೆ. ತೆರೆದಿರದಿದ್ದರೆ... ಅಕೋ, ಹಜಿರಾ ಮೆಟ್ಟಿಲಿಗೆ ಬಂದೇಬಿಟ್ಟಳು.